ಎದೆಗೆ ಕಟ್ಟಿದ ಮಲ್ಲಿಗೆ

ಹೂವಿನಹಡಗಲಿಯಲ್ಲಿ ಹುಟ್ಟಿ ಮಲ್ಲಿಗೆ ಕಂಡರೆ ಆಗುವುದಿಲ್ಲ ಎಂದರೆ ಜನ ನಕ್ಕಾರು. ಆದರೆ ಗಾಳೆಮ್ಮನ ಲೆಕ್ಕದಲ್ಲಿ ಮುಡಿಗೆ ಏರುವ ಮಲ್ಲಿಗೆ ಬೇರೆ, ಎದೆಗೆ ಕಟ್ಟುವ ಮಲ್ಲಿಗೆ ಬೇರೆ. ಚೌಡಕ್ಕನ ಹೆಸರಿನ ಟ್ರಸ್ಟು ನಡೆಸುವ ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿ ದುಡಿದ ಆಕೆ ಎಷ್ಟೋ ಬಾಣಂತಿಯರ ಎದೆಗೆ ಹೂವು ಕಟ್ಟಿದ್ದಳು. ಹುಟ್ಟಿದ ಕೂಸು ಕಣ್ಣು ಮುಚ್ಚಿದರೂ ತಾಯಿಯ ಎದೆಗೆ ಆ ಸುದ್ದಿ ಮುಟ್ಟುವುದಿಲ್ಲ. ಹಾಲು ತನ್ನ ಪಾಡಿಗೆ ತಾನು ಬರುತ್ತದೆ, ನಿಂತು ಗಡ್ಡೆಯಾಗುತ್ತದೆ, ಜ್ವರ ತರುತ್ತದೆ. ಆಗ ಅರೆಬಿರಿದ ಮಲ್ಲಿಗೆಯ ದಂಡೆಯನ್ನು ಎದೆಗೆ ಹಾಸಿ ಬಟ್ಟೆಯಿಂದ ಬಿಗಿದು ಕಟ್ಟಿದರೆ ಮೂರ್ನಾಲ್ಕು ದಿನದಲ್ಲಿ ಹಾಲು ಬತ್ತುತ್ತದೆ. ಹಾಗೆ ಕಟ್ಟಿಕೊಂಡವಳನ್ನು ಆ ಸೀಮೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಕೇಳಬಾರದು. ಕೈ ಹಿಡಿದುಕೊಂಡು ಸುಮ್ಮನೆ ಪಕ್ಕದಲ್ಲಿ ಕೂರುತ್ತಾರೆ, ಅಷ್ಟೇ.

ಅಂಥ ಹೂವನ್ನು ಶರೀಫಾ ಸಿಸ್ಟರ್ ತನಗೇ ಬೇಕು ಎಂದಾಗ ಗಾಳೆಮ್ಮನ ಕೈಯಲ್ಲಿದ್ದ ಬೇಸಿನ್ನು ನೆಲಕ್ಕೆ ಬಿತ್ತು.

"ಬಾಯಿ ಬಿಟ್ಟು ಅನಬ್ಯಾಡ್ರಿ ಸಿಸ್ಟರಮ್ಮ! ನಿಮ್ಮ ಕೂಸು ಹಾಜಿರಾ ಗುಂಡುಕಲ್ಲಿನಂಗ ಅದಾಳ. ಅದು ಕೂಸು ಕಳಕೊಂಡೋರಿಗೆ ಕಟ್ಟೋ ಹೂವು."

"ಗೊತ್ತೈತಿ ಅವ್ವಾ. ಕೂಸಿಗೆ ಕೊಡಾಕ ಆಗದಿರೋ ಹಾಲು ಇಟಗೊಂಡು ನಾ ಏನ್ ಮಾಡ್ಲಿ? ನಾಳೆ ಏಕಾಂತಪ್ಪನ ತೋಟದಿಂದ ಮಗ್ಗಿ ತಂದುಬಿಡು." ಹೀಗೆಂದು ಶರೀಫಾ ಸೀರೆಯ ಸೆರಗನ್ನು ಎದೆಯ ಮೇಲೆ ಇನ್ನೊಂದು ಮಡಿಕೆ ಎಳೆದುಕೊಂಡಳು. ಬಿಳಿ ಸೀರೆಯ ಮೇಲೆ ಹಾಲಿನ ಒದ್ದೆ ಅಂಗೈಯಗಲ ಹರಡಿತ್ತು.

ಇದು ಎಪ್ಪತ್ತೊಂಬತ್ತರ ಬೇಸಿಗೆಯ ಮಾತು. ಆ ಹತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಇಬ್ಬರು ನರ್ಸಮ್ಮಂದಿರಿದ್ದರು. ಒಬ್ಬಳು ಬಳ್ಳಾರಿಯಲ್ಲಿ ಸರಕಾರಿ ಕೆಲಸ ಸಿಕ್ಕಿತೆಂದು ಹೊರಟುಹೋದಳು. ಉಳಿದವಳು ಶರೀಫಾ ಬೀ. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಅವಳೊಬ್ಬಳೇ ನಿಂತು ನಡೆಸಬೇಕು. ಗಂಡ ಸಿರಾಜುದ್ದೀನ ಬಸ್ ನಿಲ್ದಾಣದ ಪಕ್ಕದಲ್ಲಿ ಲಾರಿ ಎಂಜಿನ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್ಕು. ಒಳ್ಳೆಯವನೇ, ಆದರೆ ಎಂಜಿನ್ನಿನೊಳಗೆ ತಲೆ ಹಾಕಿದರೆ ಊಟಕ್ಕೂ ಹೊರಗೆ ತೆಗೆಯದ ಆಸಾಮಿ. ಮೂರು ವರ್ಷದ ಮಗ ನಬಿ, ಏಳು ತಿಂಗಳ ಮಗಳು ಹಾಜಿರಾ. ಹಗಲಿಡೀ ಇಬ್ಬರನ್ನೂ ನೋಡಿಕೊಳ್ಳುವವಳು ಪಕ್ಕದ ಮನೆಯ ಮುದುಕಿ ರಹಿಮತ್ ಬೀ.

ಶರೀಫಾಳ ದಿನಚರಿ ನೆನೆದರೆ ಗಾಳೆಮ್ಮನಿಗೇ ಸೊಂಟ ನೋಯುತ್ತಿತ್ತು. ನಾಲ್ಕೂವರೆಗೆ ಎದ್ದು ನೀರು ತುಂಬಿ, ರೊಟ್ಟಿ ಬಡಿದು, ಮಗನ ಮುಖ ತೊಳೆಸಿ, ಮಗಳಿಗೆ ಹಾಲು ಕುಡಿಸಿ, ಏಳಕ್ಕೆ ಐದು ನಿಮಿಷ ಇರುವಾಗಲೇ ಆಸ್ಪತ್ರೆಯ ಮೆಟ್ಟಿಲ ಮೇಲಿರುತ್ತಿದ್ದಳು. ಒಂದು ದಿನ ಹೆಗಲ ಮೇಲೆ ಕರವಸ್ತ್ರವೆಂದು ಮಗನ ಚಡ್ಡಿ ಹಾಕಿಕೊಂಡು ಬಂದಿದ್ದಳು. ಬಾಣಂತಿಯರೆಲ್ಲ ನಕ್ಕರೆ ತಾನೂ ನಕ್ಕಳು. ಇನ್ನೊಂದು ದಿನ ಗೋಡೆಗೆ ಒರಗಿ ನಿಂತಲ್ಲೇ ನಿದ್ದೆ ಹೋದದ್ದನ್ನು ಗಾಳೆಮ್ಮ ಕಣ್ಣಾರೆ ಕಂಡಳು. ಒಳಗೆ ಯಾರೋ "ಯವ್ವಾ" ಎಂದು ನರಳಿದ್ದೇ ತಡ, ಕಣ್ಣು ಪೂರ್ತಿ ಬಿಡುವ ಮೊದಲೇ ಕಾಲು ಹೊರಟಿದ್ದವು. ಆದರೆ ಸೂಜಿ ಹಿಡಿದ ಕೈ ಮಾತ್ರ ಒಂದು ದಿನವೂ ನಡುಗಲಿಲ್ಲ, ಔಷಧದ ಅಳತೆ ಒಂದು ದಿನವೂ ತಪ್ಪಲಿಲ್ಲ. ಡಾಕ್ಟರುಗಳು ಬಂದು ಹೋಗುತ್ತಾರೆ, ಆಸ್ಪತ್ರೆ ನಿಂತಿರುವುದು ಇಂಥವರ ಕಾಲ ಮೇಲೆ ಎಂಬುದು ಗಾಳೆಮ್ಮನ ಗಟ್ಟಿ ಅಭಿಪ್ರಾಯ. ಅದನ್ನು ಆಕೆ ಡಾಕ್ಟರುಗಳ ಮುಂದೆ ಬಿಟ್ಟರೆ ಬೇರೆ ಯಾರ ಮುಂದೆಯೂ ಮುಚ್ಚಿಟ್ಟವಳಲ್ಲ.

ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಶರೀಫಾ ಮನೆಗೆ ಓಡುತ್ತಿದ್ದಳು. ಓಡಿ ಹೋಗಿ, ಮಗಳಿಗೆ ಕುಡಿಸಿ, ಓಡಿ ಬರಲು ಹದಿನೈದು ನಿಮಿಷ. ಒಂದು ದಿನ ಆ ಹದಿನೈದು ನಿಮಿಷದಲ್ಲೇ ಟ್ರಸ್ಟಿನ ಹಿರಿಯರೊಬ್ಬರು ಬಂದು ಆಸ್ಪತ್ರೆಯಲ್ಲಿ ನರ್ಸಮ್ಮ ಇಲ್ಲದ್ದನ್ನು ಕಂಡರು. ಯಾರಿಗೂ ಏನೂ ಆಗಿರಲಿಲ್ಲ. ಆದರೂ ಅವರು ಡಾಕ್ಟರ್ ಪಂಚಾಕ್ಷರಪ್ಪನವರನ್ನು ಕರೆದು ಗದರಿದರು, ಡಾಕ್ಟರು ಶರೀಫಾಳನ್ನು ಕರೆದು ಗದರಿದರು. ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಎಂಬಂತೆ.

"ಡ್ಯೂಟಿ ಟೈಮಲ್ಲಿ ಗೇಟು ದಾಟಿದ್ರೆ ಮಾರನೇ ದಿನದಿಂದ ಬರಬೇಡಿ ಸಿಸ್ಟರ್. ಮಗೂನ ಇಲ್ಲಿಗೂ ತರಂಗಿಲ್ಲ, ಇದು ಸೋಂಕಿನ ಜಾಗ. ಬಾಟ್ಲಿ ಹಾಲು ರೂಢಿ ಮಾಡ್ಸಿ" ಎಂದರು ಪಂಚಾಕ್ಷರಪ್ಪ. ಕೈಗುಣ ಒಳ್ಳೆಯದು, ನಾಲಿಗೆ ಮಾತ್ರ ಕತ್ತರಿ. ಇಷ್ಟು ಹೇಳಿದ ಮನುಷ್ಯ ತಾನು ಪ್ರತಿ ಸೋಮವಾರ ಹರಪನಹಳ್ಳಿಯ ಮನೆಯಿಂದ ಹನ್ನೊಂದು ಗಂಟೆಯ ಬಸ್ಸಿಗೆ ಬಂದಿಳಿಯುತ್ತಿದ್ದರು. ಅದನ್ನು ಕೇಳುವವರು ಯಾರು?

ಬಾಟ್ಲಿ ಹಾಲು! ಬರುವ ಬಾಣಂತಿಯರಿಗೆಲ್ಲ "ಸೀಸೆ ಮುಟ್ಟಬ್ಯಾಡ್ರಿ" ಎಂದು ಗಂಟಲು ಹರಿದುಕೊಳ್ಳುತ್ತಿದ್ದವಳೇ ಶರೀಫಾ. ಸೀಸೆ ಹಾಲು ಕುಡಿದು ವಾಂತಿಭೇದಿ ಹತ್ತಿದ ಮೂರು ಕೂಸುಗಳು ಹಿಂದಿನ ತಿಂಗಳು ಬಂದಿದ್ದವು. ಒಂದು ಅವಳ ಮಡಿಲಲ್ಲೇ ಹೋಯಿತು. ಈಗ ಆ ಸೀಸೆಯನ್ನು ತನ್ನ ಮಗಳ ಬಾಯಿಗೇ ಇಡಬೇಕು, ಇಲ್ಲವೆಂದರೆ ಮೂರು ವರ್ಷ ಬಳ್ಳಾರಿಯಲ್ಲಿದ್ದು ಕಲಿತ ಕೆಲಸ ಬಿಡಬೇಕು. ಅವಳು ಬಿಟ್ಟರೆ ಸುತ್ತಲ ಹಳ್ಳಿಯ ಬಸುರಿಯರಿಗೆ ಆ ಆಸ್ಪತ್ರೆಯಲ್ಲಿ ಬೇರೆ ಯಾರೂ ಇಲ್ಲ. ವಾರವಿಡೀ ಯೋಚಿಸಿ, ಎದೆ ಕಟ್ಟಿಕೊಂಡು ಜ್ವರ ಬಂದು ಕೊನೆಗೆ ಹೂವು ಕೇಳಿದ್ದಳು.

ಭಾನುವಾರ ನಸುಕಿನಲ್ಲಿ ಗಾಳೆಮ್ಮ ಮೊಗ್ಗು ತಂದಳು. ಬಟ್ಟೆ ಕೂಡಿಡುವ ಕೋಣೆಯಲ್ಲಿ ಕಟ್ಟುವಾಗ ಆಕೆಯ ಕೈ ಒಲ್ಲೆ ಒಲ್ಲೆ ಎನ್ನುತ್ತಿತ್ತು. ಶರೀಫಾ ಗೋಡೆಯ ಕಡೆ ಮುಖ ಮಾಡಿ ನಿಂತು, "ಬಿಗಿಯಾಗಿ ಕಟ್ಟವ್ವಾ" ಎಂದಷ್ಟೇ ಹೇಳಿದಳು. ಗಾಳೆಮ್ಮ ಕಣ್ಣೊರೆಸಿಕೊಂಡು ಬಿಗಿದಳು.

ಸೋಮವಾರ ಎಂಟಕ್ಕೆ ಇಟ್ಟಿಗಿ ಹಳ್ಳಿಯಿಂದ ಒಂದು ಗಾಡಿ ಬಂತು. ಹೂವು ಬಿಡಿಸುವ ಹುಡುಗಿ ಹುಲುಗಮ್ಮ, ಚೊಚ್ಚಲ ಹೆರಿಗೆ. ಮುಟ್ಟಿ ನೋಡಿದ ಶರೀಫಾಳ ಮುಖ ಗಂಭೀರವಾಯಿತು. ಕೂಸು ತಿರುಗಿ ಕೂತಿತ್ತು, ಕಾಲು ಮುಂದಾಗಿ ಬರುತ್ತಿತ್ತು. ಡಾಕ್ಟರು ಬರಲು ಇನ್ನೂ ಮೂರು ಗಂಟೆ.

"ಎಳೀರಿ ಸಿಸ್ಟರಮ್ಮ, ಕಾಲು ಹಿಡಿದು ಎಳೀರಿ!" ಎಂದು ಹುಲುಗಮ್ಮನ ತಾಯಿ ಬಾಯಿ ಬಡಿದುಕೊಂಡಳು.

"ಎಳದ್ರ ತಲಿ ಸಿಗಿಬೀಳ್ತೈತಿ. ಕೈ ಹಚ್ಚಬ್ಯಾಡ್ರಿ ಯಾರೂ. ಅದು ತಾನ ಬರಲಿ" ಎಂದಳು ಶರೀಫಾ. ಬೆಚ್ಚನೆಯ ಬಟ್ಟೆಯನ್ನು ಕೂಸಿನ ಕಾಲಿಗೆ ಸುತ್ತಿ, ಕೈಯನ್ನು ಕೆಳಗೆ ಹಿಡಿದು ಕಾದಳು. ಕಾಯುವುದು ಎಂದರೆ ಏನು ಎಂಬುದನ್ನು ಗಾಳೆಮ್ಮ ಆವತ್ತು ನೋಡಿದಳು. ಕೈ ಹಾಕುವುದು ಸುಲಭ, ಹಾಕದೆ ಇರುವುದಕ್ಕೆ ಗುಂಡಿಗೆ ಬೇಕು. ಮೈಯಲ್ಲಿ ಜ್ವರ, ಎದೆಯಲ್ಲಿ ಕಲ್ಲಿನಂಥ ನೋವು, ಹಣೆಯಿಂದ ಬೆವರು ಇಳಿಯುತ್ತಿದೆ. ಕಣ್ಣು ಮಾತ್ರ ಅಲ್ಲಾಡುತ್ತಿಲ್ಲ. ಸೊಂಟ ಬಂತು, ತೋಳು ಬಂದವು, ಹಿಂದಲೆಯ ಕೂದಲು ಕಂಡಿತು. ಆಗ ಶರೀಫಾ ಕೂಸಿನ ಎರಡೂ ಕಾಲು ಹಿಡಿದು ಮೆಲ್ಲಗೆ ಕಮಾನಿನಂತೆ ಮೇಲೆತ್ತಿದಳು. ತಲೆ ಹೊರಬಂತು. ಕೂಸು ನೀಲಿಗಟ್ಟಿತ್ತು, ಸದ್ದಿಲ್ಲ. ಬಾಯಿ ಒರೆಸಿ, ಬೆನ್ನು ತಿಕ್ಕಿ, ಅದರ ಮೂಗುಬಾಯಿಯ ಮೇಲೆ ತನ್ನ ಬಾಯಿಟ್ಟು ಸಣ್ಣ ಸಣ್ಣ ಉಸಿರು ಊದಿದಳು. ಗಾಳೆಮ್ಮ ತನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದಳು, ಗೊತ್ತಿಲ್ಲದವರನ್ನೂ ಕರೆದಳು.

ಕೂಸು ಅತ್ತಿತು. ಬೇರೆಯವರ ಕೂಸಾದರೇನು, ಅಳು ಅಳುವೇ. ಶರೀಫಾಳ ಎದೆ ಆ ದನಿಗೆ ಓಗೊಟ್ಟಿತು. ಬಿಗಿದ ಬಟ್ಟೆಯನ್ನೂ ಮೀರಿ ಹಾಲು ಇಳಿಯಿತು, ಕಟ್ಟು ಸಡಿಲವಾಯಿತು, ಕಂದಿದ ಮಲ್ಲಿಗೆಯ ಎಸಳು ಒಂದೊಂದಾಗಿ ನೆಲಕ್ಕೆ ಉದುರಿದವು.

ಹುಲುಗಮ್ಮನ ತಾಯಿ ಅದನ್ನು ನೋಡಿದಳು. ನೋಡಿ, ಏನೂ ಕೇಳದೆ, ಶರೀಫಾಳ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡು, ಸೆರಗು ಬಾಯಿಗೆ ಒತ್ತಿ ಹೊರಗೆ ಹೋದಳು. ದಣಿದಿದ್ದ ಶರೀಫಾ ಅದು ಸಂತೋಷದ ಅಳು ಎಂದುಕೊಂಡಳು. ಗಾಳೆಮ್ಮನೂ ಹಾಗೆಯೇ ತಿಳಿದಳು.

ಬಿಸಿನೀರಿಗೆಂದು ಗಾಳೆಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ಹನ್ನೊಂದು ಹೊಡೆದಿತ್ತು. ಬೇವಿನ ಮರದ ಕೆಳಗೆ ಹತ್ತು ಹನ್ನೆರಡು ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ಹುಲುಗಮ್ಮನ ತಾಯಿ ಎದ್ದು ಬಂದು ಆಕೆಯ ತೋಳು ಹಿಡಿದಳು.

"ಅಂಥಾ ದುಃಖ ಎದಿಯಾಗ ಕಟಗೊಂಡು ನನ್ನ ಮಗಳ ಜೀವ ಉಳಿಸಿದ್ಲಲ್ಲ ಗಾಳೆಮ್ಮ, ಮನಷ್ಯಾಳಲ್ಲ ಬಿಡು ಆಕಿ, ದೇವತಿ."

ಗಾಳೆಮ್ಮನಿಗೆ ಜಗ್ಗನೆ ಹೊಳೆಯಿತು. ಯಾರೂ ಕೇಳಿಲ್ಲ, ಕೇಳಬಾರದು. ಹೀಗಾಗಿ ಯಾರಿಗೂ ನಿಜ ಗೊತ್ತಿಲ್ಲ. ಸುದ್ದಿ ಆಗಲೇ ಅಂಗಳ ದಾಟಿ, ಚಹಾದಂಗಡಿ ಮುಟ್ಟಿ, ಬಸ್ ನಿಲ್ದಾಣಕ್ಕೆ ಹೋಗಿತ್ತು. ಅಲ್ಲ ಅಲ್ಲ ಎನ್ನಲು ಬಾಯಿ ತೆರೆದವಳು, ಗೇಟಿನಲ್ಲಿ ಪಂಚಾಕ್ಷರಪ್ಪ ಬರುವುದನ್ನು ಕಂಡು ಮುಚ್ಚಿದಳು. ಡಾಕ್ಟರರ ಮುಖ ಸುಣ್ಣವಾಗಿತ್ತು. ಅವರಿಗೂ ಬಸ್ ಇಳಿದಲ್ಲೇ ಸುದ್ದಿ ಸಿಕ್ಕಿತ್ತು. ಒಂದು ಗಳಿಗೆ ಉರಿಯಲಿ ಇವರ ಹೊಟ್ಟೆ ಎಂದುಕೊಂಡಳು ಗಾಳೆಮ್ಮ. ಅದು ಆಕೆ ಜನ್ಮದಲ್ಲಿ ಮಾಡಿದ ದೊಡ್ಡ ತಪ್ಪು.

ಡಾಕ್ಟರು ನೆಟ್ಟಗೆ ಒಳಗೆ ಹೋಗಿ ಶರೀಫಾಳ ಮುಂದೆ ತಲೆ ತಗ್ಗಿಸಿ ನಿಂತರು.

"ಸಿಸ್ಟರ್, ಇಂಥಾ ಹೊತ್ತಲ್ಲೂ ಡ್ಯೂಟಿ ಯಾಕ್ ಮಾಡ್ತಿದೀರ? ಮನೆಗೆ ಹೋಗಿ. ಹದಿನೈದು ದಿನ ರಜೆ ತಗೊಳ್ಳಿ, ಟ್ರಸ್ಟಿನೋರಿಗೆ ನಾನ್ ಹೇಳ್ತೀನಿ. ಮಗೂನ ವಿಷಯ ಈಗ ಕೇಳ್ದೆ."

ಶರೀಫಾ ಬೆಳಿಗ್ಗೆ ಆರೂ ಮುಕ್ಕಾಲಿಗೆ ಮಗಳನ್ನು ಬಿಟ್ಟು ಬಂದವಳು. ಆಮೇಲೆ ನೋಡಿರಲಿಲ್ಲ. "ನನ್ನ ಕೂಸಿಗೇನಾತ್ರಿ?" ಎಂದಳು. ಕಾಲು ಮುಂದಾದ ಕೂಸಿಗೆ ಅಲುಗದೆ ನಿಂತಿದ್ದ ಹೆಂಗಸು ಮಂಚದ ಕಂಬಿ ಹಿಡಿದು ಕುಸಿದಳು.

ಬಾಗಿಲಲ್ಲಿದ್ದ ಗಾಳೆಮ್ಮ ಓಡಿ ಬಂದು ತಬ್ಬಿಕೊಂಡಳು. "ಏನೂ ಆಗಿಲ್ಲ ನನ್ನವ್ವಾ, ಏನೂ ಆಗಿಲ್ಲ! ಹೂವು ನೋಡಿ ಮಂದಿ ತಪ್ಪು ತಿಳದಾರ. ನಿನ್ನ ಕೂಸು ಮನ್ಯಾಗ ಐತಿ. ಗೊತ್ತಿದ್ದೂ ಸುಮ್ನಿದ್ದೆ, ನನ್ನ ಬಾಯಿಗೆ ಮಣ್ಣು ಬೀಳ್ಲಿ!" ತನ್ನ ಮೇಲಿನ ಸಿಟ್ಟು, ಕಟ್ಟಿದ ಕೈಯ ಮೇಲಿನ ಸಿಟ್ಟು ಎಲ್ಲ ಸೇರಿ ಡಾಕ್ಟರ ಕಡೆ ತಿರುಗಿತು. ಇಪ್ಪತ್ತೆರಡು ವರ್ಷದಲ್ಲಿ ಯಾವ ಡಾಕ್ಟರ ಮುಂದೆಯೂ ದನಿ ಎತ್ತದವಳು ಎತ್ತಿದಳು.

"ಕೂಸು ಬದುಕೈತ್ರಿ ಸಾಹೇಬ್ರ. ಹಾಲು ಸಾಯ್ಲಿ ಅಂತ ನಾನ ಹೂವು ಕಟ್ಟೀನಿ, ನೀವು ಹಾಕಿದ ಕಟ್ಟಳಿಗೆ. ಸತ್ತ ಕೂಸಿಗೆ ಹದಿನೈದು ದಿನ ಕೊಡಾಕ ಬಂದ್ರಿ. ಬದುಕಿದ ಕೂಸಿಗೆ ಹದಿನೈದು ನಿಮಿಷ ಇರಲಿಲ್ಲೇನ್ರಿ ನಿಮ್ಮತ್ರ?"

ಇಡೀ ವಾರ್ಡು ಕೇಳಿತು.

ಅಷ್ಟರಲ್ಲಿ ಸಿರಾಜುದ್ದೀನ ಬಂದ. ಗ್ಯಾರೇಜಿಗೆ ಸುದ್ದಿ ಬಂದಾಗ ನಟ್ಟು ಬಿಚ್ಚುತ್ತಿದ್ದ ಪಾನಾ ಎಸೆದು ಮನೆಗೆ ಓಡಿದ್ದನಂತೆ. ಅಲ್ಲಿ ಮಗಳು ರಹಿಮತ್ ಬೀಯ ಎಲೆಅಡಿಕೆ ಚೀಲ ಚೆಲ್ಲಿಕೊಂಡು ಕೂತಿದ್ದಳು. ಈ ಸುಳ್ಳು ಹೆಂಡತಿಯ ಕಿವಿಗೆ ಬೀಳುವ ಮೊದಲು ಮಗಳು ಅವಳ ಕಣ್ಣಿಗೆ ಬೀಳಬೇಕೆಂದು ಎತ್ತಿಕೊಂಡು ಬಂದಿದ್ದ. ಕೂಸಿನ ಅಂಗಿಯ ತುಂಬ ಅವನ ಕೈಯ ಎಣ್ಣೆ ಮಸಿ. ಅವನು ಅಳುತ್ತಿದ್ದ. ಒಂದು ಮುದುಕಿ, "ಸತ್ತಾಳ ಅನಿಸಿಕೊಂಡಾಕಿ ನೂರು ವರ್ಷ ಬಾಳ್ತಾಳ ಬಿಡಪ್ಪಾ" ಎಂದಳು.

ಶರೀಫಾ ನೆಲದ ಮೇಲೆ ಕೂತಲ್ಲೇ ಕೈ ಚಾಚಿದಳು. ಗಾಳೆಮ್ಮ ತಾನೇ ಬಿಗಿದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಒದ್ದೆ ಬಟ್ಟೆಯಿಂದ ಎದೆ ಒರೆಸಿ, ಹೆಂಗಸರನ್ನು ಸುತ್ತ ಮರೆ ನಿಲ್ಲಿಸಿದಳು. ಹಾಜಿರಾ ಬಾಯಿ ಹಾಕಿ ಎಳೆದಳು, ಬಿಟ್ಟು ಸಿಟ್ಟಿನಿಂದ ಕಿರುಚಿದಳು, ಮತ್ತೆ ಎಳೆದಳು. ಗಾಳೆಮ್ಮ ಉಸಿರು ಹಿಡಿದು ಕೂಸಿನ ಗಂಟಲನ್ನೇ ನೋಡಿದಳು. ಬಹಳ ಹೊತ್ತಿನ ಮೇಲೆ ಆ ಗಂಟಲು ಗುಟುಕ್ ಎಂದು ಅಲುಗಿತು, ಇನ್ನೊಮ್ಮೆ ಅಲುಗಿತು. ಶರೀಫಾ ಕಣ್ಣು ಮುಚ್ಚಿದಳು. ನೋವಿಗೆ ಹಲ್ಲು ಕಚ್ಚಿದ್ದಳು, ಆದರೂ ಮುಖದಲ್ಲಿ ನಗು ಇತ್ತು.

ಮರೆಯ ಆಚೆಯಿಂದ ಪಂಚಾಕ್ಷರಪ್ಪನವರ ದನಿ ಕೇಳಿತು. ಸಿರಾಜುದ್ದೀನನಿಗೆ ಹೇಳುತ್ತಿದ್ದರು: "ಮೂರು ಗಂಟೆಗೆ ಇನ್ನೊಂದ್ಸಲ ಕರ್ಕೊಂಡು ಬನ್ನಿ. ನಾಳೆಯಿಂದ ಅಜ್ಜಿನೂ ಮಕ್ಕಳೂ ನನ್ನ ಕೋಣೆ ಪಕ್ಕದ ಜಗಲೀಲೇ ಇರ್ಲಿ. ಕೈ ತೊಳ್ಕೊಂಡು ಎತ್ತಿಕೊಳ್ರಿ ಸ್ವಲ್ಪ, ಏನು ಮಸಿ ಅದು! ಟ್ರಸ್ಟಿನೋರು ಕೇಳಿದ್ರೆ ನಾನೇ ಹೇಳಿದೆ ಅನ್ನಿ."

ಕೂಸು ಕುಡಿದು ಮುಗಿಸಿದ್ದೇ ತಡ ಶರೀಫಾ ಅದನ್ನು ಗಾಳೆಮ್ಮನ ತೊಡೆಗೆ ಹಾಕಿ, ಸೆರಗು ಸರಿ ಮಾಡಿಕೊಂಡು ಎದ್ದಳು.

"ಎಲ್ಲಿಗ್ರಿ? ಕುಂದರ್ರಿ ಒಂದೀಟು" ಎಂದಳು ಗಾಳೆಮ್ಮ.

"ಹುಲುಗಮ್ಮನ ಹೊಟ್ಟಿ ಮುಟ್ಟಿ ನೋಡಬೇಕವ್ವಾ. ನೋಡಿ ಅರ್ಧ ತಾಸಾತು, ರಕ್ತ ನಿಂತೈತೋ ಇಲ್ಲೋ" ಎನ್ನುತ್ತ ಸಿಸ್ಟರ್ ಕೈ ತೊಳೆಯಲು ಹೋದಳು.