ಕೊಳದ ಆಚೆ ದಂಡೆ

ನಾನು ಒಂದು ಕಾಂಕ್ರೀಟಿನ ದಂಡೆ. ಸರಿಯಾಗಿ ಹೇಳಬೇಕೆಂದರೆ ಈಗ ಅದರ ಒಂದು ತುಂಡು ಮಾತ್ರ. ಸಣ್ಣ ಕುಂಬಳಕಾಯಿಯಷ್ಟು ದೊಡ್ಡದು. ಹುಟ್ಟಿದ್ದು ಹಿಮಾಚಲದ ಒಂದು ಗುಡ್ಡದ ಮೇಲೆ, ಹೋಟೆಲೊಂದರ ಈಜುಕೊಳದ ಸುತ್ತ. ನನ್ನ ಮೇಲಿಂದ ಜಾರಿ ಒಬ್ಬ ಹೆಂಗಸು ಸತ್ತಳು. ಅವಳನ್ನು ಮನೆಗೆ ಕರೆದುಕೊಂಡು ಹೋಗಬೇಕೆಂದು ಅವಳ ಗಂಡ ವರ್ಷಗಳ ಮೇಲೆ ಮತ್ತೆ ಆ ಗುಡ್ಡ ಹತ್ತಿ ಬಂದ. ಕರೆದುಕೊಂಡು ಹೋದದ್ದು ಅವಳನ್ನೇ ಹೌದೋ ಅಲ್ಲವೋ ಎಂಬುದು ನನಗೊಬ್ಬನಿಗೇ ಗೊತ್ತು.

ಹೋಟೆಲಿನ ಮಾಲೀಕ ಠಾಕೂರನಿಗೆ ಹಿಮ ಬೀಳುವುದರೊಳಗೆ ಕೊಳ ಮುಗಿಯಬೇಕಿತ್ತು. ಆ ಕಡೆಯ ಗಾರೆಯವರು ದೀಪಾವಳಿ ದಾಟಿದ ಮೇಲೆ ಕಾಂಕ್ರೀಟ್ ಮುಟ್ಟುವುದಿಲ್ಲ. ಅದಕ್ಕೆ ಅವನು ಪುಣೆಯ ಗುತ್ತಿಗೆದಾರನೊಬ್ಬನನ್ನು ಹಿಡಿದು ಬಿಸಿಲುನಾಡಿನ ಜನರನ್ನು ತರಿಸಿದ. ಬಂದವರು ವಿಜಾಪುರದ ಕಡೆಯವರು, ಸಿಂದಗಿ ತಾಲ್ಲೂಕಿನ ಒಂದೇ ಮನೆಯವರು: ಮೇಸ್ತ್ರಿ ಗೊಲ್ಲಾಳಪ್ಪ, ಅವನ ಹೆಂಡತಿ ನಿಂಬೆವ್ವ, ಅವನ ತಮ್ಮ ಶಂಕ್ರೆಪ್ಪ. ಮಣ್ಣು ಹೊರಲು ಅವರದೇ ಊರಿನ ಒಂದಿಬ್ಬರು ಗಂಡಾಳುಗಳಿದ್ದರು.

ಅವರ ಕೆಲಸ ಚೊಕ್ಕಟ. ಜಲ್ಲಿ ಹಾಸಿ ದಮ್ಮಸು ಮಾಡಿದರು, ಕಬ್ಬಿಣದ ಜಾಳಿಗೆ ಹರವಿದರು. ಬಿಸಿಲಿದ್ದ ಒಂದು ಹಗಲಿನಲ್ಲಿ ನನ್ನನ್ನು ಸುರಿದು, ಮಟ್ಟಗೋಲು ಎಳೆದು, ಕರಣಿಯಿಂದ ಉಜ್ಜಿದರು. ನನ್ನ ಮೈ ಹೊಸ ತಟ್ಟೆಯಂತೆ ನುಣ್ಣಗಾಯಿತು. ಹಾಗೆ ನುಣ್ಣಗೆ ಮಾಡಿದ್ದು ಗೊಲ್ಲಾಳಪ್ಪನಿಗೆ ಹೆಮ್ಮೆ. ಹಿಮ ಬೀಳುವ ಊರಿನಲ್ಲಿ ಕೊಳದ ದಂಡೆ ಒರಟಾಗಿರಬೇಕು ಎಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಅವರ ಊರಲ್ಲಿ ಒಂದು ರೂಢಿ ಇದೆ. ಹೊಸ ಕಾಂಕ್ರೀಟಿಗೆ ಮೊದಲ ನೀರು ಮೇಸ್ತ್ರಿಯ ಮನೆಯ ಹೆಣ್ಣುಮಗಳ ಕೈಯಿಂದ ಬೀಳಬೇಕು. ಸುತ್ತ ಬದು ಕಟ್ಟಿ ನೀರು ನಿಲ್ಲಿಸಿ ಆ ನೀರು ಆರದಂತೆ ಕಾಯುವುದೂ ಅವಳದೇ ಕೆಲಸ. ಅಲ್ಲಿಯ ಬಿಸಿಲಿಗೆ ಅದು ಸರಿ. ನೀರು ಕಾಣದ ಕಾಂಕ್ರೀಟು ಅಲ್ಲಿ ಎರಡೇ ದಿನಕ್ಕೆ ಸೀಳಿಕೊಳ್ಳುತ್ತದೆ. ನಿಂಬೆವ್ವ ಅರಿಸಿನ ಹಚ್ಚಿದ ಕೊಡದಿಂದ ನನ್ನ ಮೇಲೆ ನೀರು ಬಿಟ್ಟಾಗ ಹೋಟೆಲಿನ ಕಾವಲುಗಾರ ಧನೀರಾಮ ಓಡಿ ಬಂದ. ಅವನ ಹೆಗಲ ಮೇಲೆ ಒಣಹುಲ್ಲಿನ ಹೊರೆ ಇತ್ತು.

"ನೀರು ಬೇಡ, ಹುಲ್ಲು ಹೊದಿಸಿ. ಇಲ್ಲಿ ರಾತ್ರಿ ನೀರೆಲ್ಲ ಕಲ್ಲಾಗುತ್ತದೆ," ಎಂದು ಹಿಂದಿಯಲ್ಲಿ ಹೇಳಿದ.

ಹಿಂದಿ ಬಲ್ಲ ಶಂಕ್ರೆಪ್ಪ ಅದನ್ನು ಉಳಿದವರಿಗೆ ತಿಳಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇವ್ರು ಕಾಂಕ್ರೀಟಿಗೂ ಕೌದಿ ಹೊಚ್ಚತಾರಂತ ನೋಡೋ ಅಣ್ಣಾ! ತೊಟ್ಟಲಾಗ ಹಾಕಿ ತೂಗತೀಯೇನ್ ಕೇಳು."

"ಬಾಗಲಾ ಕಾಯಾಂವಗ ಏನ್ ಗೊತ್ತಾಗತೈತಿ," ಎಂದ ಗೊಲ್ಲಾಳಪ್ಪ. "ಕುಡದಷ್ಟು ನೀರಿಗೇ ಇದು ಗಟ್ಟಿ ಆಗೂದು. ನಮ್ಮಪ್ಪ ಹಿಂಗ ಮಾಡಕೋತ ಬಂದಾನ, ನಾನೂ ಹಿಂಗ ಮಾಡಾಂವ. ನೀ ಹಾಕಲೇ ನೀರ."

ನಿಂಬೆವ್ವ ಕೊಡ ಹಿಡಿದು ನಿಂತಳು. "ಅವ ಹೇಳೂದ್ರಾಗೂ ಒಂದೀಟು ಖರೇ ಇರಬಹುದ್ರಿ. ನನ್ನ ಕೈಯರ ಸೆಟದು ಕಟಗಿ ಆಗ್ಯಾವು."

"ಕಾಂಕ್ರೀಟಿಗಿ ಥಂಡಿ ಹತ್ತತೈತೇನು, ಹುಚ್ಚಿ?"

"ಇಲ್ಲಿ ಯಾರಿಗಿ ಹತ್ತಂಗಿಲ್ಲ ಹೇಳ್ರಿ. ಈ ಊರಾಗ ಸತ್ತ್ರ ದೆವ್ವಾಗಿ ಅಡ್ಡಾಡಾಕೂ ಸ್ವೆಟರ್ ಬೇಕಾಗತೈತಿ."

ಎಲ್ಲರೂ ನಕ್ಕರು. ಅವಳು ನೀರು ತುಂಬಿದಳು. ಧನೀರಾಮ ಹುಲ್ಲಿನ ಹೊರೆಯನ್ನು ಅಲ್ಲೇ ಇಳಿಸಿ ಹೋದ. ಅದನ್ನು ಯಾರೂ ಬಿಚ್ಚಲಿಲ್ಲ.

ಆ ರಾತ್ರಿ ನನಗೆ ಏನಾಯಿತೆಂದು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ನಾನಿನ್ನೂ ಹಸಿ. ನನ್ನೊಳಗೆ ಇಳಿದಿದ್ದ ನೀರು ಹೆಪ್ಪುಗಟ್ಟಿ ಉಬ್ಬಿತು. ಮೇಲಿನ ನುಣುಪು ಪದರ ಒಳಗಿನ ಮೈಯಿಂದ ಬಿಟ್ಟುಕೊಂಡಿತು. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಆಚೆ ದಂಡೆಯಲ್ಲಿ ಬದು ಬಿರಿದು, ಒಸರಿದ ನೀರು ಕೊಳದ ಅಂಚಿನವರೆಗೂ ತೆಳುವಾಗಿ ಹರಡಿ ಗಾಜಿನಂತೆ ಕೂತಿತು.

ಬೆಳಗ್ಗೆ ಅವರು ತಂಗಿದ್ದ ಶೆಡ್ಡಿನೊಳಗಿಂದ ಗೊಲ್ಲಾಳಪ್ಪನ ದನಿ ಕೇಳಿತು. ಅವನು ಇನ್ನೂ ಕೌದಿಯೊಳಗಿದ್ದ.

"ನಿಂಬೀ, ಏಳ. ನೀರ ಮ್ಯಾಲ ಬರ್ಫ ಕಟ್ಟಿರತೈತಿ. ಅದನ್ನ ಒಡದು ಕಾಸಿದ ನೀರ ಹಾಕು."

"ನೀವ ಏಳ್ರೆಲ್ಲ ಒಂದಿನ."

"ಮದಲನೇ ನೀರ ಯಾರ ಹಾಕ್ಯಾರ? ನೀನs ಹಾಕಬೇಕು."

ಅವಳು ಗೊಣಗುತ್ತ ಒಲೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಹಬೆಯಾಡುವ ಕೊಡ ಹೊತ್ತು ಬಂದಳು. ಈಚೆ ದಂಡೆ ಶೆಡ್ಡಿನ ಪಕ್ಕದಲ್ಲಿತ್ತು, ಅದರ ಮೇಲೆ ಹೋಟೆಲಿನ ನೆರಳು. ಅವಳು ಅಲ್ಲಿ ನಿಂತು ಬಡಿಗೆಯಿಂದ ಮಂಜುಗಡ್ಡೆ ಒಡೆದಳು. ಎರಡು ಏಟಿಗೆ ಕೈ ನೋವಾಯಿತೇನೋ, ಬಡಿಗೆಯನ್ನೂ ಕೊಡವನ್ನೂ ಕೆಳಗಿಟ್ಟಳು. ತಲೆಯೆತ್ತಿ ನೋಡಿದಳು. ಆಚೆ ದಂಡೆಯ ಮೇಲೆ ಆಗತಾನೇ ಬಿಸಿಲು ಬಿದ್ದಿತ್ತು.

ಕೊಳದ ಸುತ್ತ ನಡೆದು ಅಲ್ಲಿಗೆ ಹೋದಳು. ಅವಳು ಹೋದದ್ದು ಕೆಲಸಕ್ಕಲ್ಲ. ಬದು ದಾಟಿ ಅಂಚಿನಲ್ಲಿ ನಿಂತು ಎರಡೂ ಅಂಗೈಗಳನ್ನು ಬಿಸಿಲಿಗೆ ಚಾಚಿದಳು, ಒಲೆಯ ಮುಂದೆ ಚಾಚುವಂತೆ. ಕಣ್ಣು ಮುಚ್ಚಿದ್ದಳು. ಅಲ್ಲಿ ಮಂಜುಗಡ್ಡೆ ಮೇಲ್ಮೇಲೆ ಕರಗತೊಡಗಿತ್ತು. ಅದು ಗಟ್ಟಿಯಿದ್ದಾಗ ಜಾರುವುದಕ್ಕಿಂತ ಹೀಗೆ ಮೇಲಷ್ಟೇ ಒದ್ದೆಯಾದಾಗ ಹೆಚ್ಚು ಜಾರುತ್ತದೆ. ಅವಳು ಸುಖವಾಗಿ ಒಂದು ಉಸಿರು ಬಿಟ್ಟು ಕಾಲು ಬದಲಿಸಿದಳು.

ಅಷ್ಟೇ. ಕೂಗಲೂ ಇಲ್ಲ. ಖಾಲಿ ಕೊಳಕ್ಕೆ ಬಿದ್ದು, ಇಳಿಜಾರಿನ ತಳದಲ್ಲಿ ಜಾರಿ, ನಡುವಿನ ಮೋರಿಯ ಹತ್ತಿರ ಹೋಗಿ ಬಿದ್ದವಳು ಮತ್ತೆ ಏಳಲಿಲ್ಲ. ಬಿದ್ದ ಸದ್ದಿಗೆ ಎಲ್ಲರೂ ಓಡಿ ಬಂದಾಗ ಈಚೆ ದಂಡೆಯ ಮೇಲೆ ಕೊಡ ಇತ್ತು, ಬಡಿಗೆ ಇತ್ತು. ಹಾಗಾದರೆ ಅವಳು ಇಲ್ಲಿಂದಲೇ ಬಿದ್ದಿರಬೇಕು ಎಂದುಕೊಂಡರು. ಪೊಲೀಸರೂ ಹಾಗೇ ಬರೆದುಕೊಂಡು ಹೋದರು. ಆಚೆ ದಂಡೆಯ ತೆಳು ಮಂಜುಗಡ್ಡೆ ಅಷ್ಟರಲ್ಲಿ ಕರಗಿ ಆರಿಹೋಗಿತ್ತು.

ಅವರ ಕಡೆ ಹೆಣ ಹೂಳುತ್ತಾರೆ. ಠಾಕೂರನಿಗೆ ಗಡಿಬಿಡಿ. ಹೊಳೆಯ ದಂಡೆಯಲ್ಲಿ ಸುಡಿಸಿದ, ಬೂದಿ ಹೊಳೆಗೆ ಹೋಯಿತು. ಗೊಲ್ಲಾಳಪ್ಪ ನನ್ನ ಮೇಲೆ ಕೂತು ಅತ್ತೆಗೆ ಫೋನ್ ಮಾಡಿದ. ನಿಂಬೆವ್ವನ ತಾಯಿ ಸಾಬವ್ವ ದೂರದಿಂದ ಚೀರುವುದು ನನಗೂ ಕೇಳುತ್ತಿತ್ತು.

"ನನ್ನ ಮಗಳ್ನ ಅಲ್ಲೇ ಬಿಟ್ಟ ಬರಬ್ಯಾಡ್ರಿ ಅಳ್ಯಾರ. ಒಂದು ಹಿಡಿ ಮಣ್ಣರ ತರ್ರಿ. ಮಣ್ಣ ತಂದು ಮನಿಯಾಗ ಕುಂಡ್ರಸದಿದ್ರ ಆಕಿಗಿ ಅಮಾಸಿ ಎಡಿ ಮುಟ್ಟಂಗಿಲ್ಲ."

ಹೊರಊರಲ್ಲಿ ಸತ್ತವರ ಗೋರಿಯ ಮಣ್ಣು ತಂದು ದೇವರ ಜಗುಲಿಯಲ್ಲಿಟ್ಟ ಮೇಲೆಯೇ ಆ ಮನೆಯಲ್ಲಿ ಅವರಿಗೆ ಎಡೆ. ಇಲ್ಲಿ ಗೋರಿಯೇ ಇಲ್ಲ. ಗೊಲ್ಲಾಳಪ್ಪ ಬರಿಗೈಲಿ ಹೋದ.

ನಾನು ಉಳಿದೆ. ಮೊದಲ ಚಳಿಗಾಲ ಮುಗಿಯುತ್ತಲೇ ನನ್ನ ಮುಖದ ತೊಗಲು ಚಕ್ಕೆ ಚಕ್ಕೆಯಾಗಿ ಏಳತೊಡಗಿತು. ಜನ ಜಾರಬಾರದೆಂದು ಆಳುಗಳು ಉಪ್ಪು ಎರಚಿದರು. ಉಪ್ಪು ನನ್ನನ್ನು ಇನ್ನಷ್ಟು ತಿಂದಿತು. ಸಂಜೆ ಬಿಸಿಲು ಹೋದೊಡನೆ ಬಿರುಕಿನಲ್ಲಿದ್ದ ನೀರು ಹೆಪ್ಪುಗಟ್ಟಿ ಟಿಣ್ ಎನ್ನುತ್ತಿತ್ತು. ನೆಲ ಒರೆಸುವ ಹೆಂಗಸರು ಅದನ್ನು ಬಳೆಯ ಸದ್ದು ಎಂದರು. ಕತ್ತಲಾದ ಮೇಲೆ ಯಾರೂ ಕೊಳದ ಕಡೆ ಬರುತ್ತಿರಲಿಲ್ಲ. ಕೊಡ ಇಟ್ಟಲ್ಲಿ ಯಾರೋ ಕೂತು ನೀರು ಸುರಿಯುತ್ತಾರೆ ಎಂದು ಅಡುಗೆಯವನೊಬ್ಬ ಕೆಲಸ ಬಿಟ್ಟು ಹೋದ.

ನಾನು ದೆವ್ವ ನಂಬುವವನಲ್ಲ. ಸದ್ದು ನನ್ನದು, ಕಾರಣ ನೀರು. ಆದರೂ ಒಂದು ಮಾತು ಹೇಳಬೇಕು. ಆಚೆ ದಂಡೆಯ ಅಂಚಿನಲ್ಲಿ, ಎರಡು ಪಾದ ಹಿಡಿಯುವಷ್ಟು ಜಾಗದಲ್ಲಿ, ಒಂದು ಚಕ್ಕೆಯೂ ಏಳಲಿಲ್ಲ. ಸುತ್ತ ಎಲ್ಲ ಹುಣ್ಣಾಗಿ ಜಲ್ಲಿ ಹಲ್ಲು ಕಿರಿದಾಗಲೂ ಅಲ್ಲಿ ಗೊಲ್ಲಾಳಪ್ಪನ ಕರಣಿಯ ನುಣುಪು ಹಾಗೇ ಇತ್ತು. ಅಲ್ಲಿ ಸಿಮೆಂಟು ಹೆಚ್ಚು ಬಿದ್ದಿರಬಹುದು. ಬಿಸಿಲು ಮೊದಲು ತಾಗುವ ಜಾಗವೆಂದು ಇರಬಹುದು. ನನ್ನ ಮೈಯ ವಿಷಯ ನನಗೇ ಪೂರ್ತಿ ಗೊತ್ತಿಲ್ಲ ಎಂಬುದು ನನಗೆ ಒಳ್ಳೆಯದೆನಿಸುವುದಿಲ್ಲ. ಚಳಿಗಾಲದ ಮುಂಜಾನೆ ಅಲ್ಲಿ ಭಾರ ತಿಳಿಯುತ್ತಿತ್ತು. ತಿಳಿದದ್ದನ್ನು ಹೇಳುತ್ತಿದ್ದೇನೆ, ಅದೇನೆಂದು ಹೇಳುತ್ತಿಲ್ಲ.

ಠಾಕೂರ ಹೋಟೆಲನ್ನು ದಿಲ್ಲಿಯವರಿಗೆ ಮಾರಿದ. ಅವರು ನನ್ನ ಮೇಲೆ ಟೈಲ್ಸ್ ಅಂಟಿಸಿದರು. ಎರಡು ಚಳಿಗಾಲಕ್ಕೆ ಟೈಲ್ಸೆಲ್ಲ ಎದ್ದು ಬಂದವು. ಕೊನೆಗೆ ಕೊಳವನ್ನೇ ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡುವುದೆಂದು ತೀರ್ಮಾನಿಸಿದರು. ಧನೀರಾಮ ಅಷ್ಟರಲ್ಲಿ ಕೆಲಸ ಬಿಟ್ಟು ಮಗನ ಊರಿಗೆ ಹೋಗಿದ್ದ.

ಆ ಬೇಸಿಗೆಯಲ್ಲಿ ಗೊಲ್ಲಾಳಪ್ಪ ಬಂದ. ಕೂದಲು ನರೆತಿತ್ತು. ಶಂಕ್ರೆಪ್ಪನೂ ಜೊತೆಗಿದ್ದ. ಸಾಬವ್ವ ಅಳಿಯನ ಮನೆಯಲ್ಲೇ ಹಾಸಿಗೆ ಹಿಡಿದಿದ್ದಳಂತೆ; ಸಾಯುವುದರೊಳಗೆ ಮಗಳನ್ನು ಮನೆಯಲ್ಲಿ ಕೂರಿಸಬೇಕು ಎಂದು ಹಟ ಹಿಡಿದಿದ್ದಳಂತೆ. ಮಣ್ಣಿಲ್ಲ, ಬೂದಿಯಿಲ್ಲ, ಅವಳ ಕಾಲು ಕಡೆಯ ಸಲ ತಾಗಿದ ಕಲ್ಲಾದರೂ ಸಾಕು ಎಂದು ಊರ ಮಠದ ಅಯ್ಯನವರು ಒಪ್ಪಿದ್ದರು. ಹೇಗೂ ಒಡೆಯುವುದೇ, ಎಷ್ಟು ಬೇಕೋ ಒಯ್ಯಿರಿ ಎಂದ ಮ್ಯಾನೇಜರ್.

ಗೊಲ್ಲಾಳಪ್ಪ ನೇರವಾಗಿ ಈಚೆ ದಂಡೆಗೆ ಬಂದು ಕುಕ್ಕರಗಾಲಲ್ಲಿ ಕೂತ.

"ಇಲ್ಲೇ ಹೌದಲ್ಲೋ?"

"ಕೊಡ ಇಲ್ಲೇ ಇತ್ತು ಅಣ್ಣಾ," ಎಂದ ಶಂಕ್ರೆಪ್ಪ. ಅವನು ಸುತ್ತ ಅಡ್ಡಾಡಿದ. ಆಚೆ ದಂಡೆಯ ಆ ನುಣುಪು ಜಾಗದ ಹತ್ತಿರ ನಿಂತು ಕೂಗಿದ. "ಅಣ್ಣಾ, ಇಲ್ಲಿ ನೋಡ ಬಾ. ಇದೊಂದು ಹಂಗs ಐತಿ. ಇದನ್ನ ತಗೋಳೂಣು, ಚಂದ ಐತಿ."

"ಚಂದಂದು ತಗೊಂಡು ಏನ್ ಮಾಡ್ಲಿ? ಆಕಿ ಅಲ್ಲ್ಯಾಕ ಹೋಗ್ತಾಳ? ಬರ್ಫ ಒಡಿ ಅಂದಿದ್ದೆ, ಒಡ್ಯಾಕತ್ತಿದ್ಳು."

ಗೊಲ್ಲಾಳಪ್ಪ ಉಳಿ ಇಟ್ಟು ಸುತ್ತಿಗೆ ಎತ್ತಿದ. ಅವನು ಹೊಡೆಯುತ್ತಿದ್ದುದು ಹೆಂಡತಿ ಕೊಡ ಇಟ್ಟು ಬಿಟ್ಟುಹೋದ ಜಾಗಕ್ಕೆ. ನನಗೆ ಬಾಯಿದ್ದಿದ್ದರೆ ಆಗ ಬೇಕಿತ್ತು. ಏಟಿಗೆ ಚಕ್ಕೆ ಹಾರಿತು, ಜಲ್ಲಿ ಉದುರಿತು, ಕೊನೆಗೆ ಒಂದು ತುಂಡು ಕೈಗೆ ಬಂತು. ಅದೇ ನಾನು. ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ. ಆಚೆ ದಂಡೆ ಅಲ್ಲೇ ಉಳಿಯಿತು. ಅದನ್ನು ಒಡೆದು ಕೊಳಕ್ಕೆ ತುಂಬಿ ಮೇಲೆ ಡಾಂಬರು ಹಾಕಿರಬೇಕು.

ಈಗ ನಾನು ಗೊಲ್ಲಾಳಪ್ಪನ ಮನೆಯ ಜಗುಲಿಯ ಮೂಲೆಯಲ್ಲಿದ್ದೇನೆ. ಸಾಬವ್ವ ನನ್ನನ್ನು ಮಡಿಲಲ್ಲಿಟ್ಟುಕೊಂಡು ಬೆರಳಾಡಿಸಿ, "ಎಷ್ಟ ಸೊರಗೀದಿ ನನ್ನವ್ವಾ, ಮೈಯೆಲ್ಲ ಹರದೈತಿ," ಎಂದು ಅತ್ತಳು. ಹಸಿರು ಕುಪ್ಪಸದ ಖಣ ಹೊದಿಸಿದರು. ಹಿರಿಯರ ಹಬ್ಬವಾದ ಮಾನಮಿ ಅಮಾವಾಸ್ಯೆಗೆ ಹೋಳಿಗೆ ಎಡೆ ಹಿಡಿದು ನಿಂಬೆವ್ವಾ ಉಣ್ಣು ಎಂದರು. ಸಾಬವ್ವ ಆ ವರ್ಷವೇ ಸತ್ತಳು, ನೆಮ್ಮದಿಯಿಂದ ಸತ್ತಳು ಎಂದು ಊರೆಲ್ಲ ಹೇಳಿತು. ನಾನು ಅವಳ ಮಗಳಲ್ಲ. ಮಗಳು ಬೆನ್ನು ಹಾಕಿ ನಡೆದುಹೋದ ಕಲ್ಲು ನಾನು. ನನ್ನ ಮುಂದೆ ದೀಪ ಉರಿಯುವಾಗೆಲ್ಲ ಬೇರೆ ಯಾರದೋ ಹೆಸರು ಹೊತ್ತು ಕೂತಿದ್ದೇನೆಂದು ಗೊತ್ತಾಗುತ್ತದೆ. ಹೆಸರಿನವಳು ಡಾಂಬರಿನ ಕೆಳಗಿದ್ದಾಳೆ, ಮೇಲೆ ಕಾರುಗಳು ನಿಂತಿವೆ.

ಮನೆಯವರೆಲ್ಲ ಹೊಲಕ್ಕೆ ಹೋದ ಮೇಲೆ ಗೊಲ್ಲಾಳಪ್ಪ ಒಮ್ಮೊಮ್ಮೆ ಬಂದು ನನ್ನೆದುರು ಕೂರುತ್ತಾನೆ. ಕೇಳುವುದು ಒಂದೇ.

"ನಾ ಏಳ ಅಂದಿದ್ದಕ್ಕs ಎದ್ದಿ. ನಾ ಹೇಳಿದ್ದ ಮಾಡಕೋತs ಬಿದ್ದಿ. ಹೌದಿಲ್ಲೋ?"

ಮೊದಲ ಮಾತು ನಿಜ. ಎರಡನೆಯದು ಸುಳ್ಳು. ಅವಳು ಅವನ ಕೆಲಸ ಕೆಳಗಿಟ್ಟಿದ್ದಳು, ಬೀಳುವಾಗ ಅವಳ ಮುಖ ಬೆಚ್ಚಗಿತ್ತು. ಇಷ್ಟು ತಿಳಿದರೆ ಅವನಿಗೆ ಹಗುರಾಗುತ್ತದೋ, ಇನ್ನೂ ಭಾರವಾಗುತ್ತದೋ, ನನಗೆ ಗೊತ್ತಿಲ್ಲ.

ಕೊನೆಗೆ ಅವನು ಖಣ ಸರಿಮಾಡಿ, ಕರಣಿ ತೆಗೆದುಕೊಂಡು ಕೆಲಸಕ್ಕೆ ಹೋಗುತ್ತಾನೆ.