ಮೀನು ಬಿಟ್ಟ ಚನಿಯ

ಚನಿಯನ ಅಂಗೈ ತುಂಬ ಜೋಳದ ಕಾಳಿನಂಥ ಗಂಟುಗಳೆದ್ದಿದ್ದವು. ಬಿಸಿ ಗಂಜಿಯ ಬಟ್ಟಲು ಹಿಡಿದರೆ ಸುಡುವುದೇ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಲೋಲಾಕ್ಷಿ ನೋಡಿ ಕಿತ್ತುಕೊಳ್ಳಬೇಕಿತ್ತು. ಊರು ಬಿಟ್ಟು ಬಂದು ಸೇರಿದ ರಬಾಳೆಯ ಗಾಜಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಅವನಿಗೆ ಒಂದೇ ಕೆಲಸ, ಮರಳಿಗೆ ಬಿಳಿ ಪುಡಿ ಬೆರೆಸುವುದು. ಗಾಜಿನಲ್ಲಿ ಗುಳ್ಳೆ ಇರಬಾರದಲ್ಲ, ಅದಕ್ಕೆ. ಪುಡಿಯ ಹೆಸರು ಆರ್ಸೆನಿಕ್, ಅಂದರೆ ಪಾಷಾಣ. ಚೀಲದ ಮೇಲೆ ತಲೆಬುರುಡೆಯ ಚಿತ್ರವೇನೋ ಇತ್ತು. ಮೂಗಿಗೆ ಕಟ್ಟಿಕೊಳ್ಳಲು ಕೊಟ್ಟದ್ದು ಮಾತ್ರ ಒಂದು ಕರ್ಚೀಫು.

ಈ ಸಲ ಮೂತ್ರ ಪರೀಕ್ಷೆ ಮಾಡಿದರು. ಪಾಷಾಣ ಮಿತಿಮೀರಿತ್ತು. ಕೆಲಸದಿಂದ ಬಂದ ಕಾಯಿಲೆ ಎಂದು ಕಾರ್ಖಾನೆ ಬರೆದುಕೊಟ್ಟರೆ ಔಷಧಿ ಸಿಗುತ್ತದೆ, ಆ ಪುಡಿಯ ಕೋಣೆಯಿಂದ ಬಿಡುಗಡೆಯೂ ಸಿಗುತ್ತದೆ. ಬರೆಯಬೇಕಾದವನು ವೆಲ್‌ಫೇರ್ ಆಫೀಸರ್ ಜಯಶೀಲ. ಉಡುಪಿ ಕಡೆಯವನು, ನಮ್ಮ ಕರಾವಳಿಯವನೇ ಎಂದು ಚನಿಯ ನಂಬಿಕೊಂಡು ಹೋದ.

“ಎಂತ ಚನಿಯ, ನೀನು ದಿನಾ ಮೀನು ತಿನ್ನುವವ ಅಲ್ವಾ?”

“ಹೌದು ಸಾರ್. ಮೀನಿಲ್ಲದೆ ಊಟ ಸೇರ್ತದಾ?”

“ಮತ್ತೆ? ಮೀನಲ್ಲೂ ಇದೇ ಇರ್ತದೆ. ಒಂದು ತಿಂಗಳು ಬಿಡು, ಆಮೇಲೆ ನೋಡುವ.”

ಮೀನಿನಲ್ಲಿ ಒಂದಿಷ್ಟು ಇರುವುದು ಸುಳ್ಳಲ್ಲ. ಆದರೆ ನಾಲ್ಕು ದಿನದಲ್ಲಿ ಅದು ಮೈಯಿಂದ ಇಳಿದುಹೋಗುತ್ತದೆ ಎನ್ನುವುದನ್ನು ಜಯಶೀಲ ಹೇಳಲಿಲ್ಲ. ಅರ್ಧ ಸತ್ಯ ಹೇಳುವುದಕ್ಕೂ ಇಲ್ಲಿ ಸಂಬಳ ಉಂಟು!

ಚನಿಯ ಮೀನು ಬಿಟ್ಟ. ಅವರಿದ್ದ ಘಣಸೋಲಿಯ ಚಾಳಿನ ಸಾಲುಮನೆಯಲ್ಲಿ ಪಕ್ಕದವರು ಬಂಗುಡೆ ಹುರಿದರೆ ಲೋಲಾಕ್ಷಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

“ಒಣಮೀನಿನ ಡಬ್ಬಿಯನ್ನೂ ಕೊಟ್ಟುಬಿಟ್ಟೆ ಮಾರಾಯ್ರೆ. ನಿಮ್ಮ ಕೈ ಒಂದು ಸರಿಯಾದ್ರೆ ಸಾಕು.”

ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ಪಾಷಾಣ ಇಳಿದಿರಲಿಲ್ಲ, ಏರಿತ್ತು.

“ಕದ್ದು ತಿಂದಿದ್ದಿ ನೀನು,” ಎಂದ ಜಯಶೀಲ, ಕಾಗದದಿಂದ ತಲೆಯೆತ್ತದೆ.

ಚನಿಯ ಸರ್ರನೆ ಬಾಗಿಲಿಗೆ ಹೋದ. ಹೊರಗೆ ಅದೇ ಪಾಳಿಯವರು ತಮ್ಮ ರಿಪೋರ್ಟಿಗೆ ಸಾಲಾಗಿ ನಿಂತಿದ್ದರು. ಅವರಲ್ಲಿ ಸೈದಪ್ಪನ ರಟ್ಟೆ ಹಿಡಿದು ಒಳಗೆ ಎಳೆತಂದ. ಸೈದಪ್ಪ ವಿಜಯಪುರ ಕಡೆಯ ಲಿಂಗಾಯತ. ಹನ್ನೊಂದು ವರ್ಷ ಒಟ್ಟಿಗೆ ಪುಡಿ ಬೆರೆಸಿದರೂ, ಚನಿಯ ಊಟದ ಡಬ್ಬಿ ತೆರೆದರೆ ಮೂಗು ಮುಚ್ಚಿಕೊಂಡು ದೂರ ಕೂರುವವನು. ಚನಿಯ ಅವನ ಅಂಗೈಯನ್ನೂ ತನ್ನದನ್ನೂ ಮೇಜಿನ ಮೇಲೆ ಒತ್ತಟ್ಟಿಗಿಟ್ಟ. ಅವೇ ಗಂಟು, ಅವೇ ಕರಿ ಚುಕ್ಕೆ.

“ಇವ ಯಾವ ಮೀನು ತಿಂದ ಸಾರ್? ಹೇಳಿ!”

ಜಯಶೀಲ ತಡವರಿಸಿದ. “ಅದು... ನೀರಿಂದ ಇರಬಹುದು. ನಿಮ್ಮ ಬೋರಿನ ನೀರು...”

“ಹಂಗಾರ ಒಂದ್ ತಿಂಗಳ ನೀರೂ ಬಿಡೂಣೇನ್ರೀ ಸಾಹೇಬ್ರ?” ಎಂದ ಸೈದಪ್ಪ.

ಬಾಗಿಲಲ್ಲಿದ್ದವರು ಒಳಗೆ ನುಗ್ಗಿದರು. ಬಿಹಾರದವನ ಕೈ, ಸಾತಾರದವನ ಕೈ, ನಿನ್ನೆ ಮೊನ್ನೆ ಸೇರಿದವನ ಇನ್ನೂ ನುಣುಪಾದ ಕೈ, ಒಂದರ ಪಕ್ಕ ಒಂದು ಮೇಜಿನ ಮೇಲೆ ಬಿದ್ದವು. ಜಯಶೀಲನ ಕಾಗದಗಳೆಲ್ಲ ಕೈಗಳ ಅಡಿಯಲ್ಲಿ ಸಿಕ್ಕಿಕೊಂಡವು.

“ಕೈ ತೆಗೀರಿ! ಸೆಕ್ಯುರಿಟಿ ಕರೀತೇನೆ.”

“ನೀವು ಮೊದಲು ಬರೀರಿ ಸಾರ್,” ಎಂದ ಚನಿಯ. “ಆಮೇಲೆ ತೆಗೀತೇವೆ.”

ಜಯಶೀಲ ಫೋನು ಎತ್ತಿಕೊಂಡ. ಯಾರೂ ಕೈ ತೆಗೆಯಲಿಲ್ಲ.