ಶಾಲೆಯ ಗಂಟೆಯ ಮೇಲಿನ ಇಸವಿ

ಶಾಲೆಯ ಗಂಟೆಗೆ ಚಿನ್ನದ ಬಣ್ಣ ಬಳಿದಿದ್ದರು.

ಮೂರು ವಾರದ ಹಿಂದೆ ಅದು ಜಗಲಿಯ ಅಡ್ಡಕ್ಕೆ ತಂತಿಯಲ್ಲಿ ನೇತುಬಿದ್ದಿದ್ದ ಎರಡಡಿ ಉದ್ದದ ತುಕ್ಕು ಹಿಡಿದ ರೈಲು ಕಂಬಿಯ ತುಂಡು. ಈಗ ಅಂಗಳದ ಮಧ್ಯೆ ಸಿಮೆಂಟಿನ ಕಟ್ಟೆಯಲ್ಲಿ ಹೂತು ನಿಂತಿತ್ತು. ಕೆಳಗೆ ಕಪ್ಪು ಗ್ರಾನೈಟಿನಲ್ಲಿ 'ಬ್ರಿಟಿಷರ ಕಾಲದ ರೈಲು ಗಂಟೆ' ಎಂದು ಕೆತ್ತಿದ್ದರು.

"ಎಂತ ಟೀಚರ್, ಗುರ್ತವೇ ಸಿಕ್ಕಲಿಲ್ಲವಾ?" ಹೆಡ್‌ಮಾಸ್ಟ್ರು ಪ್ರೇಮನಾಥ ನಕ್ಕರು.

ನಾನು ಬಗ್ಗಿ ಕಂಬಿಯ ನಡುಭಾಗದ ಮೇಲೆ ಬೆರಳಾಡಿಸಿದೆ. ನುಣುಪಾಗಿತ್ತು. ಇನ್ನೊಂದು ಬದಿಯೂ ನುಣುಪು.

"ಇಲ್ಲಿ ಉಬ್ಬಕ್ಷರ ಇತ್ತಲ್ಲ?"

"ತುಕ್ಕು ಇತ್ತು ಟೀಚರ್," ಎಂದ ಪ್ರವೀತ್. ಉಪ್ಪಳದಲ್ಲಿ ಅವನಿಗೆ ವೆಲ್ಡಿಂಗ್ ಅಂಗಡಿ ಉಂಟು, ಹಳೆ ವಿದ್ಯಾರ್ಥಿ ಸಂಘದ ಅಧ್ಯಕ್ಷನೂ ಅವನೇ. "ಗ್ರೈಂಡರ್ ಹಿಡಿದು ಮೂರು ಗಂಟೆ ಕೂತೆ. ನೀವೇ ಬರೆದಿದ್ದಿರಲ್ಲ, ಅಮೂಲ್ಯ ವಸ್ತು, ಕಾಪಾಡಬೇಕು ಅಂತ. ಪತ್ರ ಸಂಘದ ಸಭೆಯಲ್ಲಿ ಓದಿದೆವು. ಎಲ್ಲ ಚಪ್ಪಾಳೆ ಹೊಡೆದರು."

ಹೌದು, ಗಂಟೆ ನೋಡಿ ಹೋದ ಮೇಲೆ ಶಾಲೆಗೆ ನಾನೇ ಬರೆದದ್ದು. 'ಕಾಪಾಡಬೇಕು' ಎಂಬಲ್ಲಿ ಅಡಿಗೆರೆ ಕೂಡ ಎಳೆದಿದ್ದೆ. 'ಮುಟ್ಟಬೇಡಿ' ಎಂದು ಬರೆಯಬೇಕಿತ್ತು.

ಎಣ್ಮಕಜೆಯ ಗುಡ್ಡಗಳಿಂದ ಉಪ್ಪಳ ಸ್ಟೇಷನ್ನಿಗೆ ಒಂದು ಕಾಲದಲ್ಲಿ ಸೌದೆ ಸಾಗಿಸುವ ಪುಟ್ಟ ರೈಲು ಇತ್ತು. ಅದಕ್ಕೆ ಇಂಜಿನ್ ಇರಲಿಲ್ಲ. ಖಾಲಿ ವ್ಯಾಗನ್‌ಗಳನ್ನು ಎತ್ತುಗಳು ಮೇಲಕ್ಕೆ ಎಳೆಯುತ್ತಿದ್ದವು. ತುಂಬಿದವು ಇಳಿಜಾರಿನಲ್ಲಿ ತಾವಾಗಿ ಉರುಳಿ ಬರುತ್ತಿದ್ದವು, ಹಿಂದೆ ನಿಂತ ಒಬ್ಬ ಮನುಷ್ಯ ಮರದ ಬ್ರೇಕನ್ನು ಒತ್ತಿ ಹಿಡಿಯುತ್ತಿದ್ದ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಕಂಬಿ ಕಿತ್ತು ಮಾರಿದರು. ಇದನ್ನೆಲ್ಲ ನನಗೆ ಹೇಳಿದವರು ಐತಪ್ಪಣ್ಣ. ಅವರಿಗೀಗ ತೊಂಬತ್ತೊಂದು. ಅವರ ಅಪ್ಪ ಆ ರೈಲಿನಲ್ಲಿ ಬ್ರೇಕ್ ಹಿಡಿಯುವ ಕೆಲಸದಲ್ಲಿದ್ದರು. ವ್ಯಾಗನ್ ಜೋಡಿಸುವಾಗ ಎಡಗೈಯ ಎರಡು ಬೆರಳು ಕಳಕೊಂಡಿದ್ದರು.

ಆ ರೈಲು ನಡೆಸಿದ ಸೌದೆ ಕಂಪೆನಿಯ ಒಂದು ಕಾಗದವೂ ಉಳಿದಿಲ್ಲ. ಎರಡು ವರ್ಷ ಹುಡುಕಿದ್ದೇನೆ. ನಮ್ಮ ಪಂಚಾಯತಿನ ಪ್ರಾದೇಶಿಕ ಚರಿತ್ರೆ ಪುಸ್ತಕವಾಗುತ್ತಿದೆ. ಅದರ ಸಂಪಾದಕರು ನಿವೃತ್ತ ಅಧ್ಯಾಪಕ ವೆಂಕಟಕೃಷ್ಣ ಮಾಸ್ಟ್ರು. ಅವರದ್ದು ಒಂದೇ ನಿಯಮ: ಇಸವಿ ಇರುವ ಒಂದು ಆಧಾರವಾದರೂ ಬೇಕು. ಇದ್ದರೆ 'ಚರಿತ್ರೆ' ಅಧ್ಯಾಯ, ಇಲ್ಲದಿದ್ದರೆ 'ಐತಿಹ್ಯ ಮತ್ತು ನಂಬಿಕೆ'.

ಇದನ್ನು ಐತಪ್ಪಣ್ಣನಿಗೆ ತಿಳಿಸಿದೆ. ಅವರು ಕೇಳಿದರು, "ಅಪ್ಪನ ಬೆರಳು ಐತಿಹ್ಯವಾ ಟೀಚರ್?"

ಕಂಬಿ ತಯಾರಿಸಿದವರು ಅದರ ನಡುವಿನಲ್ಲಿ ತಮ್ಮ ಹೆಸರನ್ನೂ ಇಸವಿಯನ್ನೂ ಉಬ್ಬಿಸಿರುತ್ತಾರೆ. ಅದಕ್ಕಾಗಿಯೇ ಮೂರು ವಾರದ ಹಿಂದೆ ಈ ಗಂಟೆಯನ್ನು ಹುಡುಕಿ ಬಂದದ್ದು. ಅಂದು ತುಕ್ಕಿನಡಿಯಲ್ಲಿ ಬೆರಳಿಗೆ ಒಂದು, ಒಂಬತ್ತು, ಮತ್ತೆ ಒಂದು ಸಿಕ್ಕಿತು. ಕೊನೆಯ ಅಂಕೆ ಮೂರೋ ಎಂಟೋ ಗೊತ್ತಾಗಲಿಲ್ಲ. ಫೋಟೋದಲ್ಲಿ ಏನೂ ಕಾಣಲಿಲ್ಲ. ಪ್ರೇಮನಾಥರು ನೋಟ್‌ಬುಕ್ಕಿನ ಹಾಳೆ ಹರಿದು ಪೆನ್ಸಿಲ್ ಸಮೇತ ಕೊಟ್ಟರು: "ಮೇಲೆ ಇಟ್ಟು ಉಜ್ಜಿ ಟೀಚರ್, ಅಚ್ಚು ಬರ್ತದೆ."

ನಾನು ಬೇಡ ಎಂದೆ. ಗೆರೆ ಹಾಕಿದ ಹಾಳೆಯಲ್ಲಿ ಅಚ್ಚು ಸ್ವಚ್ಛವಾಗಿ ಬರುವುದಿಲ್ಲ. ಮಂಗಳೂರಿನಿಂದ ತೆಳು ಕಾಗದ ತಂದು ಸರಿಯಾಗಿ ಮಾಡುತ್ತೇನೆ ಎಂದೆ. ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸುತ್ತ ಮಕ್ಕಳ ಲ್ಯಾಬ್ ರೆಕಾರ್ಡಿನಲ್ಲಿ ಗೀಚಿದ ಅಂಕೆಗಳಿಗೆ ಕೆಂಪು ಸುತ್ತು ಹಾಕಿದವಳು ನಾನು. ಆ ತೆಳು ಕಾಗದ ಈಗ ಸುರುಳಿಯಾಗಿ ನನ್ನ ಕಂಕುಳಲ್ಲಿತ್ತು.

ನನ್ನ ಮುಖ ನೋಡಿ ಪ್ರವೀತನಿಗೆ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ನಾನು ವಿವರಿಸಿದೆ. ಅವನು ತಲೆ ಕೆರೆದುಕೊಂಡ.

"ಅದಕ್ಕೆಂತ ಟೀಚರ್, ಅಂಗಡಿಯಲ್ಲಿ ನಂಬ್ರದ ಪಂಚ್ ಉಂಟು. ಯಾವ ಇಸವಿ ಬೇಕು ಹೇಳಿ, ಹೊಡೆದು ಕೊಡ್ತೇನೆ. ಮೇಲೆ ಸ್ವಲ್ಪ ಆಸಿಡ್ ಬಿಟ್ಟರೆ ನೂರು ವರ್ಷದ್ದು ಅಂತ ನೀವೇ ನಂಬ್ತೀರಿ."

"ಅದು ಸುಳ್ಳಾಗ್ತದೆ."

"ಇದ್ದದ್ದನ್ನೇ ತಿರುಗಿ ಹಾಕುವುದಲ್ಲವಾ ಮಾರಾಯ್ರೆ? ನೀವು ಮುಟ್ಟಿ ನೋಡಿದ್ದೀರಲ್ಲ."

"ಕೊನೆಯ ಅಂಕೆ ಗೊತ್ತಿಲ್ಲ."

"ಹಾಗಾದರೆ ಮೂರು ಹೊಡೆಯುವ," ಎಂದರು ಪ್ರೇಮನಾಥ. "ಎಂಟರ ಅರ್ಧ ಅದರಲ್ಲಿ ಬಂತು."

ಇಬ್ಬರೂ ನಕ್ಕರು. ಅವರು ಕೆಟ್ಟವರಲ್ಲ, ಅದೇ ನನಗೆ ಕಷ್ಟ. ಬಯ್ಯೋಣವೆಂದರೆ ಬಾಯಿಗೆ ಬಂದದ್ದೆಲ್ಲ ನನಗೇ ಅನ್ವಯಿಸುತ್ತಿತ್ತು.

ಚೀಲದಿಂದ ವರ್ನಿಯರ್ ಕ್ಯಾಲಿಪರ್ ತೆಗೆದು, ಕಟ್ಟೆಯಿಂದ ಹೊರಗಿದ್ದ ತುದಿಯನ್ನು ಅಳೆದೆ. ನೆಲದಲ್ಲಿ ಹಳಿಯಾಗಿದ್ದಾಗಿನ ಕಂಬಿಯ ಎತ್ತರ ಅರವತ್ತಾರೂವರೆ ಮಿಲಿಮೀಟರ್. ಉಪ್ಪಳದ ದೊಡ್ಡ ರೈಲಿನ ಕಂಬಿ ಇದರ ಎರಡು ಪಾಲಿಗಿಂತ ಹೆಚ್ಚು. ಹಾಗಾಗಿ ಇದು ಪುಟ್ಟ ರೈಲಿನದ್ದೇ. ಆದರೆ ಯಾವ ರೈಲು, ಯಾವ ವರ್ಷ ಎಂದು ಕ್ಯಾಲಿಪರ್ ಹೇಳುವುದಿಲ್ಲ.

ಸಂಜೆ ಹೋದಾಗ ಐತಪ್ಪಣ್ಣ ತಮ್ಮ ಮನೆಯ ಜಗಲಿಯಲ್ಲಿ ಕೂತು ಅಡಕೆ ಕುಟ್ಟುತ್ತಿದ್ದರು. ನಾನು ಏನನ್ನೂ ಬಚ್ಚಿಡದೆ ಹೇಳಿದೆ, ಪಂಚಿನ ವಿಷಯವನ್ನೂ. ಅವರ ಕೈ ನಿಂತಿತು.

"ಹೊಡೆದು ಕೊಡ್ತೇನೆ ಹೇಳಿದನಾ?"

"ಹೌದು."

"ಮತ್ತೆ ಬೇಡ ಹೇಳಿದ್ದು ಯಾಕೆ?"

"ಒಂದು ಸುಳ್ಳು ಸೇರಿದರೆ ನೀವು ಹೇಳಿದ್ದೆಲ್ಲ ಸುಳ್ಳು ಅಂತಾರೆ, ಐತಪ್ಪಣ್ಣ."

"ಈಗ ಎಂತ ಹೇಳ್ತಾರೆ?"

ಅವರು ಕುಟ್ಟಿದ ಅಡಕೆಯನ್ನು ಬಾಯಿಗೆ ಹಾಕಿಕೊಂಡು ರಸ್ತೆಯ ಕಡೆ ತಿರುಗಿ ಕೂತರು. ಚಾ ಕುಡಿಯಿರಿ ಎನ್ನಲಿಲ್ಲ. ಹಾಗೆ ಆದದ್ದು ಅದೇ ಮೊದಲು.

ಪುಸ್ತಕಕ್ಕೆ ಬರಹ ಕೊಡಲು ಶುಕ್ರವಾರ ಕೊನೆಯ ದಿನ. ಮಾಸ್ಟ್ರು ಕೊಟ್ಟ ಫಾರಮಿನ ಇಸವಿಯ ಕಾಲಮಿನಲ್ಲಿ ಬರೆದೆ: 'ಮೊದಲ ಮೂರು ಅಂಕೆ 191, ಬೆರಳಿಂದ ಓದಿದ್ದು. ನಾಲ್ಕನೆಯದು ತಿಳಿಯಲಿಲ್ಲ. ಗುರುತು ಈಗ ಅಳಿದಿದೆ. ಅಳಿಯಲು ನನ್ನ ಪತ್ರವೂ ಕಾರಣ.' ಐತಪ್ಪಣ್ಣ ಹೇಳಿದ್ದನ್ನು, ಅವರ ಅಪ್ಪ ಬಾಬು ಎಂಬವರ ಹೆಸರು ಸಮೇತ, ಹನ್ನೊಂದು ಪುಟ ಲಗತ್ತಿಸಿದೆ.

ವೆಂಕಟಕೃಷ್ಣ ಮಾಸ್ಟ್ರು ಫೋನ್ ಮಾಡಿದರು. "ರೋಸ್ಮೇರಿ ಟೀಚರೇ, ನಿಮ್ಮ ಪ್ರಾಮಾಣಿಕತೆಗೆ ನಮಸ್ಕಾರ. ಆದರೆ ಬೆರಳಿಂದ ಓದಿದ್ದನ್ನು ಆಧಾರ ಅಂತ ಹೇಗೆ ಹಾಕುವುದು ಹೇಳಿ?"

ಮೊನ್ನೆ ಕರಡು ಪ್ರತಿ ಬಂತು. ಸೌದೆ ರೈಲು ನೂರ ನಲವತ್ತಮೂರನೇ ಪುಟದಲ್ಲಿದೆ. ಅದಕ್ಕಿಂತ ಮುಂಚೆ ರಾತ್ರಿ ತಾನಾಗಿ ತುಂಬುವ ಬಾವಿಯ ಕತೆ, ನಂತರ ಕಲ್ಲಾದ ಮದುಮಗಳ ಕತೆ. ಹನ್ನೊಂದು ಪುಟ ಅರ್ಧ ಪುಟವಾಗಿದೆ, ಬಾಬು ಎಂಬ ಹೆಸರಿನ ಜಾಗದಲ್ಲಿ 'ಓರ್ವ ಕಾರ್ಮಿಕ' ಎಂದಿದೆ. ನಾನು ಕೆಂಪು ಪೆನ್ನು ತೆಗೆದು ಆ ಎರಡು ಪದಕ್ಕೆ ಸುತ್ತು ಹಾಕಿ, ಅಂಚಿನಲ್ಲಿ ಹೆಸರು ಬರೆದೆ. ಅದನ್ನಾದರೂ ಉಳಿಸುತ್ತಾರೋ ನೋಡಬೇಕು.

ಕೆಳಗೆ ನನ್ನ ಅಡಿಟಿಪ್ಪಣಿಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದಾರೆ: ಕಂಬಿಯ ಎತ್ತರ 66.5 ಮಿ.ಮೀ. ಇಡೀ ಅಧ್ಯಾಯದಲ್ಲಿ ಅಳತೆ ಇರುವುದು ಅದೊಂದೇ ಪುಟದಲ್ಲಿ.